ಗ್ಲೌಸಿನೊಳಗಿನ ಬಳೆ

ನನ್ನ ಎಡಗೈ ಬಳೆಯ ಅಳತೆ ಎರಡು-ನಾಲ್ಕು, ಬಲಗೈಯದು ಎರಡು-ಎಂಟು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬಳೆಗಾರರು ಅರ್ಧ ಡಝನ್ ಇಳಿಸಿ ಮುಗಿಸಿದ ಮೇಲೆ ಹೇಳಿ ಬೈಸಿಕೊಂಡದ್ದು ನನಗೆ ಸಾಕಾಗಿದೆ.

ಮೊನ್ನೆ ನಾದಿನಿ ಉಷಾಳ ಮಗಳು ಪಲ್ಲವಿಯ ಮದುವೆಯಲ್ಲೂ ಹಾಗೇ ಆಯಿತು. ಉಷಾಳ ಮನೆ ಪುಣೆಯ ಮಗರಪಟ್ಟಾದಲ್ಲಿ, ಮೋಡಕ್ಕೆ ಒಂದು ಮಾರು ಕೆಳಗೆ. ಮದುವೆಗೆ ಮುಂಚೆ ಮನೆಯ ಹೆಂಗಸರೆಲ್ಲ ಚಾಪೆಯ ಮೇಲೆ ಸಾಲಾಗಿ ಕೂತು ಬಳೆ ಇಡಿಸಿಕೊಳ್ಳುವುದು ನಮ್ಮವರ ಪದ್ಧತಿ. ಧಾರವಾಡ ಬಿಟ್ಟರೂ ಅದನ್ನು ಬಿಟ್ಟಿಲ್ಲ, ಮನೆಗೆ ಲಿಫ್ಟು ಬಂದರೂ ಬಿಟ್ಟಿಲ್ಲ. ಕ್ಯಾಂಪ್ ಪೇಟೆಯಿಂದ ಬಳೆಗಾರ ಮಾಮಾ ಪೆಟ್ಟಿಗೆ ಹೊತ್ತು ಬಂದರೆ, ಗೇಟಿನ ಸೆಕ್ಯುರಿಟಿಯವನು ಯಾವ ಕಂಪನಿಯಿಂದ ಬಂದಿದ್ದೀರಿ ಎಂದು ಕೇಳಿದನಂತೆ. ಮಾಮಾ ಎದೆಯುಬ್ಬಿಸಿ ತಮ್ಮ ಅಜ್ಜನ ಹೆಸರು ಹೇಳಿದರಂತೆ. ಅಂಥ ಕಂಪನಿ ಪಟ್ಟಿಯಲ್ಲಿ ಇಲ್ಲವೆಂದು ಅವನು ತಡೆದು ನಿಲ್ಲಿಸಿ, ಕಡೆಗೆ ಉಷಾಳೇ ಕೆಳಗಿಳಿದು ಹೋಗಿ ಬಿಡಿಸಿಕೊಂಡು ಬಂದಳು.

ನನ್ನ ಸರದಿ ಬಂತು. ಎಡಗೈಗೆ ಬಳೆ ಸರಾಗವಾಗಿ ಇಳಿದವು. ಮಾಮಾ ಖುಷಿಯಿಂದ ಬಲಗೈ ಹಿಡಿದರು. ಹಿಡಿದವರು ಅಲ್ಲೇ ನಿಂತರು. ಒತ್ತಿದರು, ಹಿಸುಕಿದರು, ಹಿಟ್ಟು ನಾದಿದ ಹಾಗೆ ನಾದಿದರು. ಕಡೆಗೆ ಕನ್ನಡಕ ಮೇಲೆತ್ತಿ ಮರಾಠಿಯಲ್ಲಿ, ತಾಯಿ, ಈ ಎರಡೂ ಕೈ ಒಬ್ಬರದೇ ಏನು, ಎಂದು ವಿಚಾರಿಸಿದರು. ಒಂದು ಮದುಮಗಳ ಕೈ, ಇನ್ನೊಂದು ಗೌಂಡಿಯ ಕೈ ಎಂಬುದು ಅವರ ಅಭಿಪ್ರಾಯ. ಮದುಮಗಳು ಪಲ್ಲವಿ ಪಕ್ಕದಿಂದ, ನಮ್ಮ ಮಾಮಿ ಇಂಡಿಯಾಕ್ಕೆ ಆಡಿದವರು ಎಂದಳು. ಕಬಡ್ಡಿಯೇ ಎಂದು ಮಾಮಾ ಕೇಳಿದರು. ನಾನು ಕ್ರಿಕೆಟ್ ಎಂದೆ, ವಿಕೆಟ್ ಕೀಪರ್ ಎಂದೆ. ಅವರು ನನ್ನ ಬೆರಳುಗಳನ್ನು ಒಂದೊಂದಾಗಿ ಹಿಡಿದು ನೋಡಿ, ಕೀಪರ್ ಆದದ್ದಕ್ಕೆ ಬೆರಳು ಹೀಗಾದವೋ, ಬೆರಳು ಹೀಗಿವೆ ಎಂದು ಕೀಪರ್ ಮಾಡಿದರೋ ಎಂದು ಕೇಳಿದರು. ಚಾಪೆಯ ಮೇಲಿನ ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಇಷ್ಟು ಜಾಣ ಪ್ರಶ್ನೆಯನ್ನು ನನಗೆ ಯಾವ ಪತ್ರಕರ್ತನೂ ಕೇಳಿರಲಿಲ್ಲ.

ಬೆರಳುಗಳ ವಿಷಯ ಬಂತು, ಹೇಳಿಯೇ ಬಿಡುತ್ತೇನೆ. ನನ್ನ ಬಲಗೈಯ ಉಂಗುರ ಬೆರಳು ಒಂದು ಕಡೆಗೆ, ಕಿರುಬೆರಳು ಇನ್ನೊಂದು ಕಡೆಗೆ. ಯಾರಿಗಾದರೂ ಕೈ ಮಾಡಿ ದಾರಿ ತೋರಿಸಿದರೆ ಅವರು ತಪ್ಪು ಓಣಿಗೇ ಹೋಗುತ್ತಾರೆ. ಹೆಬ್ಬೆರಳಿನ ಬುಡದಲ್ಲಿ ಒಂದು ಗಂಟು. ಆಡಿದ ಅಂತರರಾಷ್ಟ್ರೀಯ ಪಂದ್ಯಗಳನ್ನು ಬೆರಳ ಮೇಲೆ ಎಣಿಸಬಹುದು, ನಿಜ. ಆದರೆ ಒಂದೊಂದು ಪಂದ್ಯಕ್ಕೂ ಒಂದೊಂದು ಬೆರಳು ತೆತ್ತಿದ್ದೇನೆ.

ನಾನು ಕೀಪರ್ ಆದದ್ದಕ್ಕೆ ಕಾರಣ ಒಂದು ಗಟಾರ. ಅಪ್ಪ ಪುಣೆ ಹತ್ತಿರದ ದೇಹೂ ರೋಡಿನ ಮಿಲಿಟರಿ ಡಿಪೋದಲ್ಲಿ ಗುಮಾಸ್ತರು. ನಮ್ಮ ಕ್ವಾರ್ಟರ್ಸಿನ ಓಣಿಯಲ್ಲಿ ಅಣ್ಣ ಮತ್ತವನ ಗೆಳೆಯರು ಸೀಮೆಎಣ್ಣೆ ಡಬ್ಬಿ ಇಟ್ಟು ಆಡುತ್ತಿದ್ದರು. ಡಬ್ಬಿಯ ಹಿಂದೆ ಹತ್ತು ಹೆಜ್ಜೆಗೆ ತೆರೆದ ಗಟಾರ. ಚೆಂಡು ಬಿಟ್ಟವರೇ ಇಳಿದು ಎತ್ತಬೇಕು ಎಂಬುದು ಅವರ ಕಾನೂನು. ಹೀಗಾಗಿ ಆ ಜಾಗದಲ್ಲಿ ನಿಲ್ಲಲು ಯಾರೂ ತಯಾರಿರಲಿಲ್ಲ. ತಂಗಿ ಎಂಬ ಪ್ರಾಣಿ ಇರುವುದು ಇಂಥದಕ್ಕೇ ಅಲ್ಲವೇ, ನನ್ನನ್ನು ನಿಲ್ಲಿಸಿದರು. ನಾನೋ ಮಡಿ ಹುಡುಗಿ, ಕಾಲಿಗೆ ಕೆಸರು ತಾಗಿದರೆ ಊಟ ಬಿಡುವವಳು. ಒಮ್ಮೆ ಗಟಾರಕ್ಕಿಳಿದೆ. ಅವತ್ತೇ, ಇನ್ನು ಜೀವ ಹೋದರೂ ಒಂದು ಚೆಂಡನ್ನೂ ಬಿಡುವುದಿಲ್ಲ ಎಂದು ನಿಶ್ಚಯ ಮಾಡಿದೆ. ಎದೆಗೆ, ಹೊಟ್ಟೆಗೆ, ಮೂಗಿಗೆ, ಎಲ್ಲಿಗೆ ಬಂದರೂ ಹಿಡಿದೆ. ಯಾರಾದರೂ ನಿಮ್ಮ ಸ್ಫೂರ್ತಿ ಯಾರು ಎಂದು ಕೇಳಿದ್ದರೆ ಗಟಾರ ಎನ್ನುತ್ತಿದ್ದೆ. ಯಾರೂ ಕೇಳಲಿಲ್ಲ.

ಶಾಲೆ, ಕಾಲೇಜು, ರಾಜ್ಯ ಎಂದು ಒಂದೊಂದೇ ಮೆಟ್ಟಿಲು ಹತ್ತಿ, ತೊಂಬತ್ತರ ದಶಕದ ಶುರುವಿನಲ್ಲಿ ಇಂಡಿಯಾ ತಂಡಕ್ಕೆ ಬಂದೆ. ಮರುದಿನದ ಪತ್ರಿಕೆಯಲ್ಲಿ ಕೂದಲೆಣ್ಣೆಯ ಜಾಹೀರಾತಿನ ಕೆಳಗೆ ಸುದ್ದಿ ಬಂತು. ಅದರಲ್ಲಿ ನಾಯಕಿಯ ಹೆಸರಿತ್ತು, ಉಪನಾಯಕಿಯ ಹೆಸರಿತ್ತು, ಆಮೇಲೆ ‘ಮತ್ತಿತರರು’ ಎಂದಿತ್ತು. ಅಪ್ಪ ‘ಮತ್ತಿತರರು’ ಎಂಬುದರ ಕೆಳಗೆ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದು, ಇದು ನಮ್ಮ ಪದ್ಮಾ ಎಂದು ಇಡೀ ಕ್ವಾರ್ಟರ್ಸಿಗೆ ತೋರಿಸಿ ಬಂದರು.

ಇಂಡಿಯಾಕ್ಕೆ ಆಡುವುದೆಂದರೆ ನೀವು ಟಿವಿಯಲ್ಲಿ ನೋಡುವ ಆ ಇಂಡಿಯಾ ಅಂದುಕೊಳ್ಳಬೇಡಿ. ನಾವು ಹಾಸಿಗೆ ಸುತ್ತಿಕೊಂಡು ಸೆಕೆಂಡ್ ಕ್ಲಾಸ್ ಡಬ್ಬಿಯಲ್ಲಿ ಹೋಗುತ್ತಿದ್ದೆವು. ಮೂವರಿಗೆ ಒಂದು ಒಳ್ಳೆಯ ಬ್ಯಾಟು. ಔಟಾದವಳು ಬರುವಾಗ, ಒಳಗೆ ಹೋಗುವವಳಿಗೆ ದಾರಿಯಲ್ಲೇ ಬ್ಯಾಟು ಕೊಡುತ್ತಿದ್ದಳು. ಇಡೀ ಪಂದ್ಯಾವಳಿಯ ಉತ್ತಮ ಕೀಪರ್ ಎಂದು ಒಮ್ಮೆ ನನಗೆ ಚಕ್ಕಲಿ ಒರಳು ಕೊಟ್ಟರು. ಹಿತ್ತಾಳೆಯದು, ಗಟ್ಟಿ. ಇವತ್ತಿಗೂ ದೀಪಾವಳಿಗೆ ನಮ್ಮ ಮನೆಯ ಚಕ್ಕಲಿ ಆಗುವುದು ಅದರಲ್ಲೇ. ಬೇರೆ ಆಟಗಾರರ ಟ್ರೋಫಿ ಗಾಜಿನ ಕಪಾಟಿನಲ್ಲಿ ಧೂಳು ತಿನ್ನುತ್ತದೆ. ನನ್ನದು ಎಣ್ಣೆ ಕುಡಿಯುತ್ತದೆ.

ಇನ್ನು ನನ್ನನ್ನು ನೋಡಲು ಬಂದ ದಿನ. ಹುಡುಗ ಗುರುರಾಜ, ಒಂದು ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿದ್ದರು. ಮಾತಿಗೆ ಮುಂಚೆ ನಾಲ್ಕು ಸಲ ಗಂಟಲು ಸರಿಮಾಡಿಕೊಳ್ಳುವ ಮನುಷ್ಯ. ಜೊತೆಗೆ ಅವರ ತಾಯಿ. ಗಂಡ ತೀರಿಕೊಂಡಾಗ ಆಕೆಗೆ ಮೂವತ್ತೂ ತುಂಬಿರಲಿಲ್ಲವಂತೆ. ಎರಡು ಮಕ್ಕಳನ್ನು ಕಟ್ಟಿಕೊಂಡು ಧಾರವಾಡದಿಂದ ಪುಣೆಗೆ ಬಂದು, ಕ್ಯಾಂಪಿನ ಒಂದು ಶಾಲೆಯಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸುತ್ತ ಸಂಸಾರ ದಡ ಸೇರಿಸಿದವರು. ಅವ್ವ ನನಗೆ, ಬಲಗೈ ಸೆರಗಿನೊಳಗೇ ಇರಲಿ ಎಂದು ತಾಕೀತು ಮಾಡಿದ್ದಳು. ಅವಲಕ್ಕಿಯ ತಾಟು ಕೊಡುವಾಗ ಎಷ್ಟೆಂದು ಮುಚ್ಚಿಡುವುದು? ಆಕೆ ನೋಡಿದರು. ಬೆರಳಿಗೆ ಏನಾಯಿತೆಂದು ಕೇಳಿದರು. ಅವ್ವ, ಬಾಗಿಲಲ್ಲಿ ಸಿಕ್ಕಿತ್ತು ಎಂದಳು. ಅದೇ ಹೊತ್ತಿಗೆ ಅಪ್ಪ, ದೇಶಕ್ಕಾಗಿ ಆಡುವಾಗ ಮುರಿಯಿತು ಎಂದರು. ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಅವಲಕ್ಕಿ ತಿನ್ನಲಿಲ್ಲ.

“ಆ ಬೆರಳಲೆ ರೊಟ್ಟಿ ಬಡೀಲಿಕ್ಕೆ ಬರ್ತದೇನವಾ?” ಎಂದು ಆಕೆ ನನ್ನನ್ನೇ ಕೇಳಿದರು.

ಬರ್ತದ್ರಿ ಎಂದೆ. ಹಾಗಾದರೆ ಮುರಿದಿಲ್ಲ ಬಿಡು, ಸ್ವಲ್ಪ ವಾಲಿದೆ ಅಷ್ಟೇ ಎಂದು ಆಕೆ ಅವಲಕ್ಕಿಗೆ ಕೈ ಹಾಕಿದರು. ಲಗ್ನ ಗಟ್ಟಿಯಾಯಿತು. ಗುರುರಾಜರು ಅಷ್ಟು ಹೊತ್ತಿಗೆ ಗಂಟಲನ್ನು ಎರಡನೆಯ ಸಲ ಸರಿಮಾಡಿಕೊಂಡಿದ್ದರು.

ಲಗ್ನವಾದ ವಾರಕ್ಕೇ ಪ್ರಾಕ್ಟೀಸಿಗೆ ಹೊರಟೆ. ಬಳೆಗಳನ್ನು ತೆಗೆದು ದೇವರ ಗೂಡಿನಲ್ಲಿಡಲು ಹೋದಾಗ ಅತ್ತೆ ಬಾಗಿಲಿಗೆ ಬಂದು ನಿಂತರು. “ಆಡವಾ, ನಾ ಬ್ಯಾಡನ್ನೂದಿಲ್ಲ. ಪ್ಯಾಂಟ್ ಹಾಕ್ಕೋ, ಟೊಪಿಗಿ ಹಾಕ್ಕೋ. ಆದ್ರ ಬರಿಗೈಲೆ ಹೋಗಬ್ಯಾಡ.”

ನಮ್ಮವರಲ್ಲಿ ಮುತ್ತೈದೆಯ ಕೈ ಬರಿದಾಗಿದ್ದರೆ ಗಂಡನ ಆಯುಷ್ಯಕ್ಕೆ ಕುತ್ತು ಎಂಬ ನಂಬಿಕೆ ನಿಮಗೆ ಗೊತ್ತೇ ಇದೆ. ಬಳೆ ಒಡೆಯಿತು ಎಂದು ಕೂಡ ಬಾಯಲ್ಲಿ ಆಡಬಾರದು, ‘ಹೆಚ್ಚಿತು’ ಎನ್ನಬೇಕು. ಗಂಟೆಗಟ್ಟಲೆ ಚೆಂಡು ಬಂದು ಕೈಗೆ ಬಡಿಯುವ ನನ್ನ ಉದ್ಯೋಗದಲ್ಲಿ ಗಾಜಿನ ಬಳೆಯ ಗತಿ ಏನಾಗಬೇಡ! ರನ್ನುಗಳಿಗಿಂತ ಬೇಗ ನನ್ನ ಬಳೆಗಳು ಹೆಚ್ಚುತ್ತಿದ್ದವು. ಪ್ರತಿ ಸಲ ಹೆಚ್ಚಿದಾಗಲೂ ನಮ್ಮ ಮನೆಯವರು ತಮ್ಮ ನಾಡಿ ತಾವೇ ಹಿಡಿದು ನೋಡಿಕೊಳ್ಳುತ್ತಿದ್ದರು.

ಅತ್ತೆ ಹೊಲಿಗೆ ಟೀಚರಲ್ಲವೇ, ಉಪಾಯ ಅವರೇ ಹುಡುಕಿದರು. ಮಗನ ಹಳೇ ಕಾಲುಚೀಲಗಳ ಮೇಲ್ಭಾಗ ಕತ್ತರಿಸಿ, ಒಳಗೆ ಮೆತ್ತನೆಯ ಫ್ಲಾನೆಲ್ ಕೊಟ್ಟು, ಮಣಿಕಟ್ಟಿನ ಮೇಲೆ ಬಿಗಿಯಾಗಿ ಕೂಡುವ ಪಟ್ಟಿ ಹೊಲಿದರು. ಬಳೆಗೆ ಅಂಗಿ ಎಂದು ಅದಕ್ಕೆ ಹೆಸರು. ಮೊದಲು ಬಳೆ, ಅದರ ಮೇಲೆ ಅಂಗಿ, ಅದರ ಮೇಲೆ ಗ್ಲೌಸು. ಸದ್ದಿಲ್ಲ, ಸುದ್ದಿಯಿಲ್ಲ. ಆಗಿನ ನಮ್ಮ ಆಟದಲ್ಲಿ ಇಂಥದನ್ನೆಲ್ಲ ಯಾರೂ ಕೆದಕಿ ಕೇಳುತ್ತಿರಲಿಲ್ಲ. ಎರಡೆರಡೇ ಬಳೆ ತೊಟ್ಟು, ಅಂಗಿ ಹಾಕಿ, ಮೂರು ವರ್ಷ ಇಂಡಿಯಾದ ವಿಕೆಟ್ಟುಗಳ ಹಿಂದೆ ಕೂತೆ. ಗಂಡನೂ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದ್ದ.

ಆಮೇಲೆ ಬಂತು ಆ ಪಂದ್ಯ. ಪರದೇಶದ ತಂಡವೊಂದು ಪುಣೆಯಲ್ಲೇ ನಮ್ಮೊಡನೆ ಒಂದು ದಿನದ ಪಂದ್ಯ ಆಡುವುದಿತ್ತು. ಸಂಕ್ರಾಂತಿ ಮುಗಿದ ಮರುವಾರ. ಹೊರದೇಶದ ಪ್ರವಾಸಕ್ಕೆ ತಂಡ ಆರಿಸಲು ಆಯ್ಕೆಗಾರರು ಬಂದು ಕೂಡುತ್ತಾರೆ ಎಂದು ಸುದ್ದಿ. ನನಗಿಂತ ಆರು ವರ್ಷ ಚಿಕ್ಕ ಕೀಪರ್ ಹುಡುಗಿಯೊಬ್ಬಳು ಸಾಲಿನಲ್ಲಿ ನಿಂತಿದ್ದಳು, ಅವಳ ಬೆರಳುಗಳೆಲ್ಲ ನೇರವಾಗಿದ್ದವು. ಹಿಡಿಯುವುದು ಸರಿ, ಪದ್ಮಾಳಿಂದ ನಾಲ್ಕು ರನ್ನೂ ಬರಬೇಕು, ಎಂದು ನಾಯಕಿ ನನ್ನನ್ನು ಕರೆದು ಹೇಳಿದ್ದಳು. ಇಲ್ಲಿ ಆಡಿದರೆ ವಿಮಾನ, ಇಲ್ಲದಿದ್ದರೆ ಚಕ್ಕಲಿ.

ಊರಲ್ಲೇ ಪಂದ್ಯವೆಂದು ಅತ್ತೆ ಮೊಟ್ಟಮೊದಲ ಬಾರಿಗೆ ನನ್ನ ಆಟ ನೋಡಲು ಹೊರಟರು. ಆ ಸಂಭ್ರಮಕ್ಕೆ, ಸಂಕ್ರಾಂತಿಯ ನೆಪಕ್ಕೆ, ಬೆಳಿಗ್ಗೆಯೇ ನನಗೆ ಹೊಸ ಹಸಿರು ಬಳೆ ಕೈತುಂಬ ಇಡಿಸಿದ್ದರು. ಎರಡು ಬಳೆಗೆ ಹೊಲಿದ ಅಂಗಿ ಕೈತುಂಬ ಬಳೆಗೆ ಹೇಗೆ ಸಾಕಾಗಬೇಕು? ಅರ್ಧ ಒಳಗೆ, ಅರ್ಧ ಹೊರಗೆ. ಪೂರ್ತಿ ತೋಳಿನ ಷರ್ಟನ್ನು ಅದರ ಮೇಲೆ ಎಳೆದುಕೊಂಡು ಮೈದಾನಕ್ಕೆ ಹೋದೆ.

ಅಂಪೈರು ನಾನಾ. ಎಲ್ಲರೂ ಅವರನ್ನು ಕರೆಯುತ್ತಿದ್ದುದೇ ಹಾಗೆ. ನಿವೃತ್ತ ಸಂಗೀತ ಮಾಸ್ತರರು, ಬಿಳಿ ಟೊಪ್ಪಿಗೆ, ದಪ್ಪ ಕನ್ನಡಕ. ಅವರು ಕಣ್ಣಿಗಿಂತ ಕಿವಿಯನ್ನೇ ನಂಬುವವರು. ಬ್ಯಾಟಿನ ಅಂಚಿಗೊಂದು ಸ್ವರ, ಪ್ಯಾಡಿಗೊಂದು ಸ್ವರ, ತಮ್ಮ ಕಿವಿಗೆ ಮೋಸವಿಲ್ಲ ಎಂದು ಚಹಾದ ಹೊತ್ತಿಗೆ ಎಲ್ಲರಿಗೂ ವಿವರಿಸುತ್ತಿದ್ದರು. ಕೀಪರಿನ ಕೈಗೆ ಚೆಂಡು ಹೋದಾಗ ಅವರು ಕಣ್ಣು ಮುಚ್ಚಿ, ತಲೆ ಸ್ವಲ್ಪ ವಾಲಿಸಿ, ತಂಬೂರಿ ಕೇಳುವವರ ಹಾಗೆ ನಿಲ್ಲುವುದನ್ನು ನೋಡಿಯೇ ಆನಂದಪಡಬೇಕು.

ಮೊದಲು ನಮ್ಮ ಬ್ಯಾಟಿಂಗು. ನಾನು ಹೋದಾಗ ತಂಡದ ಸ್ಥಿತಿ ಚೆನ್ನಾಗಿರಲಿಲ್ಲ, ನನ್ನದು ಚೆನ್ನಾಗಿತ್ತು. ಚೆಂಡು ಕಾಣಿಸುತ್ತಿತ್ತು. ಎರಡು ಬೌಂಡರಿ ಹೊಡೆದೆ, ಶಾಮಿಯಾನದ ಕಡೆಯಿಂದ ಒಂದು ಒಂಟಿ ಚಪ್ಪಾಳೆ ಕೇಳಿತು. ಅತ್ತೆಯೇ. ಆಮೇಲೆ ಆಫ್ ಸ್ಟಂಪಿನ ಆಚೆಗೆ ಒಂದು ಚೆಂಡು ಬಂತು, ಬೀಸಿದೆ. ಬ್ಯಾಟಿಗೂ ಚೆಂಡಿಗೂ ನಡುವೆ ಒಂದು ಗೇಣು ಅಂತರ. ಆದರೆ ಬೀಸಿದ ರಭಸಕ್ಕೆ ತೋಳು ಸರಿದು, ಹೊಸ ಬಳೆಗಳು ಒಂದಕ್ಕೊಂದು ಬಡಿದು ಟಿಣ್ ಎಂದವು. ಕೀಪರು ಹಿಡಿದಳು. ಹನ್ನೊಂದೂ ಜನ ಕೂಗಿದರು. ನಾನಾ ಕಣ್ಣು ಮುಚ್ಚಿ ಆ ಸ್ವರವನ್ನು ಮನಸ್ಸಿನೊಳಗೆ ಒಮ್ಮೆ ಹಾಡಿಕೊಂಡು, ಬೆರಳೆತ್ತಿದರು.

ಶಾಮಿಯಾನಕ್ಕೆ ಬಂದು ಪ್ಯಾಡು ಬಿಚ್ಚದೆ ಕೂತೆ. ಕಣ್ಣಲ್ಲಿ ನೀರು ಬಂದೇ ಬಿಟ್ಟಿತು. ಅತ್ತೆ ಚಪಾತಿ-ಬಟಾಟಿ ಪಲ್ಯದ ಡಬ್ಬಿ ಹಿಡಿದು ಬಂದು, ಏನಾಯಿತೆಂದು ಕೇಳಿದರು. ಚೆಂಡು ಬ್ಯಾಟಿಗೆ ತಾಗಲಿಲ್ಲ, ಬಳೆಯ ಸದ್ದಿಗೆ ಔಟು ಕೊಟ್ಟರು ಎಂದೆ. ಅವರು ಡಬ್ಬಿಯ ಮುಚ್ಚಳ ಹಾಕಿದರು.

ನಮ್ಮ ಇನ್ನಿಂಗ್ಸ್ ಮುಗಿದು ಊಟದ ವಿರಾಮ ಬಂದಾಗ ಅತ್ತೆ ನನ್ನ ಕೈ ಹಿಡಿದು ಸೀದಾ ಅಂಪೈರುಗಳ ಮೇಜಿಗೆ ನಡೆದರು. ಹಿಂದೆ ನಮ್ಮ ಮನೆಯವರು, ಗಂಟಲು ಸರಿಮಾಡಿಕೊಳ್ಳುತ್ತ. ಅತ್ತೆ ಮೊದಲು ನಾನಾ ಅವರ ಅಂಗೈಗೆ ಕುಸುರೆಳ್ಳು ಹಾಕಿ, ಪುಣೆಯ ರೂಢಿಯಂತೆ, ಎಳ್ಳು ತಗೊಳ್ಳಿ, ಸಿಹಿ ಮಾತಾಡಿ ಎಂದು ಮರಾಠಿಯಲ್ಲಿ ಹೇಳಿದರು. ಅದೊಂದೇ ಅವರ ಸಿಹಿ ಮಾತು. ಆಮೇಲಿನದೆಲ್ಲ ಹಸಿ ಮೆಣಸಿನಕಾಯಿ. ಗಾಜು ಯಾವುದು ಕಟ್ಟಿಗೆ ಯಾವುದು ತಿಳಿಯದ ಕಿವಿ ಕಟ್ಟಿಕೊಂಡು ನನ್ನ ಸೊಸೆಯ ಆಟ ಕೆಡಿಸಿದಿರಿ ಎಂದರು. ನಾನಾ ಎಲೆಕೋಸಿನ ಪಲ್ಯ ಬಿಟ್ಟು ಎದ್ದು ನಿಂತು, ತಾವು ಜನ್ಮವೆಲ್ಲ ಸಂಗೀತ ಕಲಿಸಿದವರೆಂದು ಹೇಳಿದರು.

“ನಾನೂ ಧಾರವಾಡದಾಕೀನ ಇದ್ದೀನ್ರಿ, ಮಾಸ್ತರ,” ಎಂದರು ಅತ್ತೆ, ಸಿಟ್ಟಿನಲ್ಲಿ ಕನ್ನಡಕ್ಕೇ ಇಳಿದು.

ನಾನಾ ಅವರಿಗೆ ಕನ್ನಡ ಬಾರದಿದ್ದರೂ ಧಾರವಾಡ ಎಂಬುದು ತಿಳಿಯಿತು. ಪುಣೆಯ ಯಾವ ಸಂಗೀತ ಮಾಸ್ತರನೂ ಆ ಊರಿನ ಹೆಸರಿಗೆ ಎದುರು ನಿಲ್ಲಲಾರ. ಅತ್ತೆ ನನ್ನ ಮುಂಗೈ ಹಿಡಿದು ಅವರ ಕಿವಿಯ ಬಳಿ ಅಲ್ಲಾಡಿಸಿದರು. ಟಿಣ್. ನಾನಾ ಕಣ್ಣು ಮುಚ್ಚಿದರು. ಮುಖ ಸಣ್ಣದಾಯಿತು. ಅವರು ಒಳ್ಳೆಯ ಮನುಷ್ಯರೇ, ಎದೆಯ ಮೇಲೆ ಕೈಯಿಟ್ಟು ಕ್ಷಮೆ ಕೇಳಿದರು. ಕೊಟ್ಟ ತೀರ್ಪು ಇನ್ನು ತಿರುಗಿ ಬರುವುದಿಲ್ಲ, ಆದರೆ ಈ ಸ್ವರವನ್ನು ಮಾತ್ರ ಸಾಯುವ ತನಕ ಮರೆಯುವುದಿಲ್ಲ, ಎಂದು ಮಾತು ಕೊಟ್ಟರು. ಆ ಮಾತನ್ನು ಅವರು ಎಂಥ ನಿಷ್ಠೆಯಿಂದ ಉಳಿಸಿಕೊಂಡರೆಂದು ಹೇಳುತ್ತೇನೆ, ತಡೆಯಿರಿ.

ಅಲ್ಲಿಂದ ಅತ್ತೆ ನನ್ನನ್ನು ಶಾಮಿಯಾನದ ಹಿಂದಿನ ನಲ್ಲಿಯ ಹತ್ತಿರ ಕರೆದೊಯ್ದರು. ಸಾಬೂನಿನ ತುಂಡು ತೆಗೆದುಕೊಂಡು ನನ್ನ ಮಣಿಕಟ್ಟಿಗೆ ಸವರತೊಡಗಿದರು. ಏನು ಮಾಡುತ್ತಿದ್ದಾರೆಂದು ನನಗೆ ಮೊದಲು ತಿಳಿಯಲಿಲ್ಲ. ತಿಳಿದಾಗ ಕೈ ಎಳೆದುಕೊಳ್ಳಲು ಹೋದೆ. ಅವರು ಬಿಡಲಿಲ್ಲ.

“ಬರಿಗೈ ಹೆಂಗಿರ್ತದ ನನಗ ಗೊತ್ತದವಾ. ಅದು ನಿನಗ ಗೊತ್ತಾಗಬಾರದಂತ ಇಷ್ಟು ಹಟಾ ಮಾಡಿದೆ. ಆಟ ಮುಗಿಯೂ ತನಕ ನನ್ನ ಹತ್ರ ಇರ್ಲಿ.”

ಒಂದೂ ಹೆಚ್ಚದಂತೆ, ಒಂದೊಂದನ್ನೇ ಜಾರಿಸಿ ತೆಗೆದರು. ನಾನು ಬರೀ ಅಂಗಿ ತೊಟ್ಟ ಖಾಲಿ ಮಣಿಕಟ್ಟಿನ ಮೇಲೆ ಗ್ಲೌಸು ಏರಿಸಿ ಮೈದಾನಕ್ಕೆ ಹೋದೆ. ಬಳೆ ತೆಗೆದ ಸಂಗತಿಯನ್ನು ನಾನಾ ಅವರಿಗೆ ಹೇಳಬೇಕೆಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಅತ್ತ ಶಾಮಿಯಾನದಲ್ಲಿ ನಮ್ಮ ಮನೆಯವರ ಅವಸ್ಥೆ ಶುರುವಾಯಿತು. ಹೆಂಡತಿಯ ಕೈ ಬರಿದು, ಅಂದರೆ ಗಂಡನಿಗೆ ಗಂಡಾಂತರ. ಅತ್ತೆ ಮಗನನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿ ಕಾಲರ್ ಹಿಡಿದುಕೊಂಡರಂತೆ. ಶೇಂಗಾ ತಿನ್ನಬೇಡ, ಗಂಟಲಲ್ಲಿ ಸಿಕ್ಕೀತು. ಬಿಸಿಲಿಗೆ ಹೋಗಬೇಡ. ಬೌಂಡರಿಯ ಹತ್ತಿರ ಹೋಗಬೇಡ, ಚೆಂಡು ಬಡಿದೀತು. ಮೂತ್ರಕ್ಕೆ ಹೋಗುತ್ತೇನೆ ಎಂದರೆ ಅದೂ ಬೇಡ, ದಾರಿಯಲ್ಲಿ ತೊಳೆದ ಫರಸಿಕಲ್ಲು ಜಾರುತ್ತದೆ. ಗುರುರಾಜರು ಆವತ್ತು ಕೂತಷ್ಟು ಅಲುಗಾಡದೆ ಮದುವೆಯ ಫೋಟೋಕ್ಕೂ ಕೂತಿರಲಿಲ್ಲ.

ಪಂದ್ಯ ಕೊನೆಯ ಹಂತಕ್ಕೆ ಬಂತು. ಅವರ ಕೊನೆಯ ಜೋಡಿ ಆಡುತ್ತಿತ್ತು, ಗೆಲ್ಲಲು ಅವರಿಗೆ ಎರಡು ರನ್ನು, ನಮಗೆ ಒಂದು ವಿಕೆಟ್ಟು. ಬ್ಯಾಟು ಹಿಡಿದಿದ್ದ ಅವರ ಉದ್ದನೆಯ ಹುಡುಗಿಯೊಬ್ಬಳು ಬೀಸಿದಳು. ಬ್ಯಾಟಿನ ಅಂಚಿನ ಅಂಚಿಗೆ, ಉಗುರು ತಾಗಿದಷ್ಟು ತೆಳುವಾಗಿ ಚೆಂಡು ಸವರಿ ಬಂತು. ಬಲಕ್ಕೆ ಹಾರಿ ಹಿಡಿದೆ. ಉಂಗುರ ಬೆರಳು ಇನ್ನೊಮ್ಮೆ ವಾಲಿತು, ಆದರೂ ಬಿಡಲಿಲ್ಲ. ನನ್ನ ಜೀವನದಲ್ಲಿ ಅಂಥ ಕ್ಯಾಚು ಅದೊಂದೇ. ಹನ್ನೊಂದು ಜನ ಹಾರಿದೆವು. ಆ ಉದ್ದನೆಯ ಹುಡುಗಿ ಗ್ಲೌಸು ಕಳಚುತ್ತ ಹೊರಡಲು ತಯಾರಾಗಿದ್ದಳು.

ನಾನಾ ಕಣ್ಣು ಮುಚ್ಚಿದ್ದರು. ಕೇಳಿದ ಸ್ವರವನ್ನು ಒಳಗೆ ಹಾಡಿಕೊಳ್ಳುತ್ತಿದ್ದರು. ಆಮೇಲೆ ಕಣ್ಣು ತೆರೆದು, ನನ್ನ ಕಡೆ ನೋಡಿ, ಈ ಸಲ ನಾನು ಮೋಸಹೋಗುವವನಲ್ಲ ಎಂಬಂಥ ಒಂದು ನಗೆ ನಕ್ಕು, ತಮ್ಮ ಮಣಿಕಟ್ಟು ಮುಟ್ಟಿ ತೋರಿಸಿ, ತಲೆಯಲ್ಲಾಡಿಸಿದರು. ನಾಟ್ ಔಟ್. ಬಳೆಯಂತೆ!

ನಾನು ಹಲ್ಲಿನಿಂದ ಗ್ಲೌಸು ಕಚ್ಚಿ ಎಳೆಯತೊಡಗಿದೆ. ಮುರಿದ ಬೆರಳು ಒಳಗೇ ಸಿಕ್ಕಿಕೊಂಡಿತು. ಅಷ್ಟರಲ್ಲಿ ಶಾಮಿಯಾನದ ಕಡೆಯಿಂದ ಒಂದು ಗದ್ದಲ. ನೋಡಿದರೆ ಅತ್ತೆ! ಒಂ‌ಬತ್ತು ಗಜದ ಸೀರೆಯ ಕಚ್ಚೆ ಬಿಗಿದುಕೊಂಡು, ಎರಡೂ ಕೈ ಮೇಲೆತ್ತಿ, ಬೌಂಡರಿಯ ಹಗ್ಗ ದಾಟಿ, ಸೀದಾ ಪಿಚ್ಚಿನ ಕಡೆಗೆ ಓಡಿ ಬರುತ್ತಿದ್ದರು. ಅವರ ಹಿಂದೆ ಗುರುರಾಜರು, ಮಧ್ಯಾಹ್ನದಿಂದ ಮೊದಲ ಸಲ ಬಿಡುಗಡೆಯಾದವರು.

“ಮಾಸ್ತರ, ಬಳಿ ಇಲ್ಲೆ ಅವ! ಇಲ್ಲೆ ಅವ ನೋಡ್ರಿ!”

ಅವರ ಎರಡೂ ಕೈಯಲ್ಲಿ ನನ್ನ ಹಸಿರು ಬಳೆಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಕೈಯಲ್ಲಿ ಹಿಡಿದಿರಲಿಲ್ಲ. ತೊಟ್ಟಿದ್ದರು. ಒಂದು ಕೈ ಮಗನ ಕಾಲರಿಗೆ, ಇನ್ನೊಂದು ಕೊಡೆಗೆ ಬೇಕಾಗಿತ್ತಲ್ಲ, ಕಳೆದಾವು ಎಂದು ಸುಮ್ಮನೆ ಮುಂಗೈಗೆ ಏರಿಸಿಕೊಂಡಿದ್ದರು. ಓಡಿದ ಹೆಜ್ಜೆಗೊಮ್ಮೆ ಟಿಣ್ ಟಿಣ್ ಎನ್ನುತ್ತಿದ್ದವು. ಇಪ್ಪತ್ತೈದು ವರ್ಷಕ್ಕಿಂತ ಹೆಚ್ಚು ಕಾಲ ಬರಿದಾಗಿದ್ದ ಕೈಗಳು. ಮೈದಾನದಲ್ಲಿ ಅದು ಇನ್ನಾರಿಗೆ ತಿಳಿಯಬೇಕು? ನನಗೆ ತಿಳಿಯಿತು. ಹಿಂದೆ ಓಡಿ ಬಂದ ಅವರ ಮಗನಿಗೆ ತಿಳಿಯಿತು, ಅವರು ಅಲ್ಲೇ ನಿಂತುಬಿಟ್ಟರು.

ನಾನಾ ಅತ್ತೆಯ ಕೈ ನೋಡಿದರು, ನನ್ನ ಕೈ ನೋಡಿದರು. ಕಟ್ಟಿಗೆಯನ್ನು ಗಾಜು ಎಂದೆನಲ್ಲ ಎಂದು ಅವರ ಕಣ್ಣಲ್ಲಿ ನೀರೇ ಬಂತು. ಇನ್ನೊಬ್ಬ ಅಂಪೈರಿನ ಹತ್ತಿರ ಹೋಗಿ ಮಾತಾಡಿ ಬಂದರು. ಅವರು ಒಪ್ಪಲಿಲ್ಲವಂತೆ. ಆಟಗಾರರಲ್ಲದವರು ಒಳಗೆ ನುಗ್ಗಿ ಹೇಳಿದ ಮೇಲೆ ತೀರ್ಪು ಬದಲಿಸಿದರೆ ನಾಳೆ ಎಲ್ಲರ ಅತ್ತೆಯರೂ ಬರುತ್ತಾರೆ ಎಂದರಂತೆ. ಆ ಮಾತಿನಲ್ಲೂ ನ್ಯಾಯವಿತ್ತು. ಆ ಹುಡುಗಿ ಮುಂದಿನ ಚೆಂಡನ್ನೇ ಬೌಂಡರಿಗೆ ಅಟ್ಟಿದಳು.

ಸೋತೆವು. ಪ್ರವಾಸದ ತಂಡ ಪ್ರಕಟವಾಯಿತು. ನೇರ ಬೆರಳಿನ ಹುಡುಗಿಯ ಹೆಸರಿತ್ತು. ಈ ಸಲ ‘ಮತ್ತಿತರರು’ ಎಂಬುದರಲ್ಲೂ ನಾನಿರಲಿಲ್ಲ. ಆಮೇಲೆ ಇಂಡಿಯಾಕ್ಕೆ ಆಡಲಿಲ್ಲ. ಈಗ ನಗುತ್ತ ಬರೆಯುತ್ತಿದ್ದೇನೆ, ಆದರೆ ಆ ವರ್ಷವಿಡೀ ರೊಟ್ಟಿ ಬಡಿಯುವಾಗೆಲ್ಲ ಅಳುತ್ತಿದ್ದೆ. ಆ ಕ್ಯಾಚು ಔಟಾಗಿತ್ತು ಎಂದು ಒಲೆಯ ಮುಂದೆ ಕೂತು ಯಾರಿಗೆ ಹೇಳಲಿ?

ಆ ದಿನ ಮನೆಗೆ ರಿಕ್ಷಾದಲ್ಲಿ ಬರುವಾಗ ಅತ್ತೆ ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ಕೂತಿದ್ದರು. ಬಳೆ ಕೊಡಿ ಎಂದು ನಾನು ಕೇಳಲಿಲ್ಲ. ಮನೆ ಮುಟ್ಟಿದ ಮೇಲೆ ಬಚ್ಚಲಿಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಕೈ ಬರಿದಾಗಿತ್ತು, ಬಳೆಗಳನ್ನು ಒರೆಸಿ ನನ್ನ ಕೈಗೆ ಕೊಟ್ಟರು. ನನ್ನ ಬಳೆ ನಿನ್ನ ಆಟ ತಿಂದಿತು ಎಂದಷ್ಟೇ ಅಂದರು. ಬಳೆಯಲ್ಲ, ನಾನಾ ಅವರ ಕಿವಿ ಎಂದೆ ನಾನು. ಅವತ್ತಿನಿಂದ ನನ್ನ ಬಳೆಯ ವಿಷಯಕ್ಕೆ ಅವರು ಚಕಾರವೆತ್ತಲಿಲ್ಲ. ವಿಚಿತ್ರ ನೋಡಿ, ಅವತ್ತಿನಿಂದ ನಾನೇ ಒಂದು ದಿನವೂ ಬಳೆಯಿಲ್ಲದೆ ಇರಲಿಲ್ಲ.

ಬಳೆಗಾರ ಮಾಮಾರನ್ನು ಮಗರಪಟ್ಟಾದಲ್ಲೇ ಬಿಟ್ಟು ಬಂದೆನಲ್ಲ. ನನ್ನ ಎರಡು ಕೈಗೆ ಎರಡು ಅಳತೆ ಬೇಕಾದ್ದರಿಂದ ಅವರು ಗೊಣಗುತ್ತ ಎರಡು ಬೇರೆ ಬೇರೆ ಡಝನ್ ಬಿಚ್ಚಿದರು. ಎರಡರಲ್ಲೂ ಅರ್ಧರ್ಧ ಉಳಿಯಿತು. ಇವನ್ನು ಯಾರಿಗೆ ಮಾರಲಿ ಎಂದು ಅವರು, ಕೆಲಸದವಳಿಗೆ ಕೊಟ್ಟರಾಯಿತು ಎಂದು ಉಷಾ. ನಾನು ತಲೆಯೆತ್ತಿ ನೋಡಿದೆ. ಅತ್ತೆ ಬಾಲ್ಕನಿಯ ಬಾಗಿಲಿನ ಹತ್ತಿರ, ಚಾಪೆಯಿಂದ ದೂರ, ಕುರ್ಚಿ ಹಾಕಿಕೊಂಡು ಕೂತಿದ್ದರು. ಇಂಥ ಹೊತ್ತಿನಲ್ಲಿ ಯಾರೂ ಹೇಳದೆ ತಾವೇ ದೂರ ಹೋಗಿ ಕೂಡುವುದು ಅವರ ಜನ್ಮದ ರೂಢಿ. ಮೊಮ್ಮಗಳ ಕೈಯ ಬಳೆಯನ್ನು ಅಲ್ಲಿಂದಲೇ ನೋಡುತ್ತಿದ್ದರು.

ನಾನು ಉಳಿದಿದ್ದ ಎರಡು-ನಾಲ್ಕರ ಹಸಿರು ಬಳೆಗಳನ್ನು ಎತ್ತಿಕೊಂಡು ಹೋಗಿ ಅವರ ಮುಂದೆ ಮಂಡಿಯೂರಿ ಕೂತೆ. ಮಂಡಿಯೂರಿ ಕೂಡುವುದು ಕೀಪರಿಗೆ ಯಾರೂ ಕಲಿಸಬೇಕಿಲ್ಲ. ಬೀಗರ ಕಡೆಯ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಬಾಗಿಲ ಬಳಿ ನಿಂತಿದ್ದ ನಮ್ಮ ಮನೆಯವರು ಗಂಟಲು ಸರಿಮಾಡಿಕೊಂಡರು.

ಅತ್ತೆ ಬಳೆ ನೋಡಿದರು, ನನ್ನ ವಾಲಿದ ಬೆರಳು ನೋಡಿದರು.

“ಸದ್ದಾಗ್ತದಲ್ಲವಾ. ಅಂಪೈರ್ ಕೇಳಿದ್ರ?”

“ಕೇಳ್ಲಿ ಬಿಡ್ರಿ. ಅವರಿಗೆ ಗಾಜು ಯಾವುದು ಕಟಗಿ ಯಾವುದು ಎಲ್ಲೆ ತಿಳೀತದ?”

ಅವರು ನಕ್ಕುಬಿಟ್ಟರು. ಆಮೇಲೆ ಸೆರಗಿನೊಳಗಿನಿಂದ ಎಡಗೈ ಹೊರಗೆ ತೆಗೆದು, ಮೆಲ್ಲಗೆ ನನ್ನ ಕೈಯೊಳಗೆ ಇಟ್ಟರು. ನಾನು ಬಿಡಲಿಲ್ಲ.